ಅದರಾಗ ಜೀವ ಇರ್ತಾವ

ಸದಾಶಿವನಗರದಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಜೈನರ ಅಕ್ಕನವರು ಒಂದು ಕಡೆ ಕೂತದ್ದನ್ನು ನಾನು ನೋಡಿರಲಿಲ್ಲ. ನೀರು ಸೋಸಬೇಕು, ಕಾಯಿಸಬೇಕು, ಮತ್ತೆ ಸೋಸಬೇಕು. ನಮಗೆ ನೋಡಿಯೇ ದಣಿವಾಗುತ್ತಿತ್ತು. ಖಾನಾಪುರದಿಂದ ಅವರ ತಮ್ಮ ಮೊಸರು ತಂದರೆ ಅಕ್ಕನವರ ಮೊದಲ ಮಾತು, "ಯಾವಾಗ ಹೆಪ್ಪ ಹಾಕಿದ್ದೋ?" ಮೊನ್ನೆಯದೆಂದರೆ ಮುಟ್ಟುತ್ತಿರಲಿಲ್ಲ. "ಬ್ಯಾಡಪಾ, ಅದರಾಗ ಜೀವ ಇರ್ತಾವ."

ಅಕ್ಕನವರಿಗೆ ಶ್ವಾಸಕೋಶದ ಕ್ಯಾನ್ಸರ್ ಆಗಿ, ಇಮ್ಯುನೊಥೆರಪಿ ಶುರುವಾಯಿತು. ಮೈಯ ರೋಗನಿರೋಧಕ ಶಕ್ತಿಯನ್ನೇ ಗಡ್ಡೆಯ ಮೇಲೆ ಎಬ್ಬಿಸುವ ಔಷಧವದು. ಡಾಕ್ಟರು ಹೇಳಿದ್ದರು: "ಹೊಟ್ಯಾಗಿನ ಬ್ಯಾಕ್ಟೀರಿಯಾನೂ ಇದಕ್ಕ ಸಾಥ್ ಕೊಡ್ತಾವ ಅನಸ್ತದರೀ. ನಮ್ಮನ್ನ ಕೇಳದ ಆಂಟಿಬಯೋಟಿಕ್ ತಗೋಬ್ಯಾಡ್ರಿ, ಅದರಿಂದ ಅವೂ ಸಾಯ್ತಾವ." ಅಂದಿನಿಂದ ಅಕ್ಕನವರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡೇ ಅಂಗಳ ಸುತ್ತುತ್ತಿದ್ದರು. ನನ್ನನ್ನು ಕಂಡರೆ, "ಇದರಾಗೂ ಜೀವ ಅದಾವಂತ್ರೀ, ನನಗ ಗೊತ್ತ ಇರಲಿಲ್ಲ" ಎನ್ನುತ್ತಿದ್ದರು.

ಒಂದು ಮುಂಜಾನೆ ಜ್ವರ ಏರಿತು, ಎದೆಯಲ್ಲಿ ಸೋಂಕು. ಡಾಕ್ಟರೇ ಆಂಟಿಬಯೋಟಿಕ್ ಬರೆದುಕೊಟ್ಟರು. "ಕ್ಯಾನ್ಸರಿನ ಔಷಧದ ಗುಣ ಕಡಿಮಿ ಆಗಬಹುದು. ಆದರ ಇದನ್ನ ತಗೊಳ್ಳದಿದ್ರ ಜೀವಕ್ಕ ಧೋಕಾ." ಮನೆಗೆ ಬಂದ ಮೇಲೆ ಅವರ ತಮ್ಮ ನೀರು ಹಿಡಿದು ನಿಂತ. ಅಕ್ಕನವರು ಗುಳಿಗೆ ಹಿಡಿದು ಅಡುಗೆಮನೆಗೆ, ಬಾಗಿಲಿಗೆ, ಮತ್ತೆ ಅಡುಗೆಮನೆಗೆ ನಡೆದರು. "ಅಕ್ಕಾ, ಮೊದಲ ನುಂಗು!" ಎಂದು ಅವನು ರೇಗಿದ.

ಆಗ ಅವರು ಕೂತರು. ಪ್ರತಿ ವರ್ಷ ಜೈನರ ದಶಲಕ್ಷಣ ಪರ್ವ ಮುಗಿದ ಮೇಲೆ ಮನೆಮನೆಗೆ ಬಂದು ಕ್ಷಮೆ ಕೇಳುತ್ತಿದ್ದ ಹಾಗೆಯೇ, ತಮ್ಮ ಹೊಟ್ಟೆಗೆ ಕೈಮುಗಿದು "ಕ್ಷಮಾ ಮಾಡ್ರಿ" ಎಂದರು. ಗುಳಿಗೆ ನುಂಗಿ, ಮೆಲ್ಲಗೆ ಸೇರಿಸಿದರು: "ಎಲ್ಲಾರೂ ಹೋಗಬ್ಯಾಡ್ರಿ ಮತ್ತ. ಇನ್ನೂ ಕೆಲಸ ಐತಿ."