ಎಡಕ್ಕೆ ಬರಬೇಕಿದ್ದ ಸಿಂಕು

ದುಬೈಯ ರಾಸ್ ಅಲ್ ಖೋರ್‌ನ ಫ್ಯಾಕ್ಟರಿಯಲ್ಲಿ ನನ್ನ ಕೆಲಸ ಏನು ಎಂದು ಅಮ್ಮ ಕೇಳಿದಾಗ, ಡಬ್ಬ ಬಿಚ್ಚುವುದು ಎಂದಿದ್ದೆ. ಹೋಟೆಲ್ ಅಡುಗೆಮನೆಗೆ ಬೇಕಾಗುವ ಸ್ಟೀಲ್ ಟೇಬಲ್, ಸಿಂಕು, ಕಪಾಟು ಎಲ್ಲವನ್ನೂ ಮೊದಲು ಕಂಪ್ಯೂಟರಿನಲ್ಲಿ ತ್ರೀಡಿ ಮಾಡೆಲ್ ಮಾಡುತ್ತೇವೆ. ಆಮೇಲೆ ಒಂದು ಬಟನ್ ಒತ್ತಿದರೆ ಮಾಡೆಲ್ಲಿನ ಮಡಿಕೆಗಳೆಲ್ಲ ಬಿಚ್ಚಿಕೊಂಡು ಚಪ್ಪಟೆ ಹಾಳೆಯಾಗುತ್ತದೆ. ಫ್ಲಾಟ್ ಪ್ಯಾಟರ್ನ್ ಎನ್ನುತ್ತೇವೆ. ಆ ಆಕಾರಕ್ಕೆ ಲೇಸರ್ ಮೆಷಿನ್ ಸ್ಟೀಲನ್ನು ಕತ್ತರಿಸುತ್ತದೆ, ನಾನು ಗೆರೆ ಎಳೆದು ಕೊಟ್ಟ ಕಡೆ ಬೆಂಡಿಂಗ್ ಮೆಷಿನ್ನಿನವರು ಮಡಚುತ್ತಾರೆ. "ಇದಕ್ಕೆ ಇಂಜಿನಿಯರಿಂಗ್ ಓದಬೇಕಿತ್ತಾ?" ಎಂದರು ಅಮ್ಮ. ಮೈಸೂರಿನಿಂದ ಇಲ್ಲಿಯವರೆಗೂ ಅವರ ದನಿಯಲ್ಲಿನ ವ್ಯಂಗ್ಯ ಒಂಚೂರೂ ಸವೆದಿರಲಿಲ್ಲ.

ಬೆಂಡಿಂಗ್ ಮೆಷಿನ್ ನೋಡಿಕೊಳ್ಳುತ್ತಿದ್ದವರು ಬಂಟ್ವಾಳ ಕಡೆಯ ಒಬ್ಬ ಬ್ಯಾರಿ. ಅರವತ್ತರ ಹತ್ತಿರ ವಯಸ್ಸು. ಇಡೀ ಫ್ಯಾಕ್ಟರಿಗೆ ಅವರು ಕಾಕಾ. ಅವರದೊಂದು ವಿಚಿತ್ರ ಅಭ್ಯಾಸವಿತ್ತು. ನಾನು ಪ್ರಿಂಟ್ ಮಾಡಿ ಕಳಿಸಿದ ಡ್ರಾಯಿಂಗಿನ ಇನ್ನೊಂದು ಪ್ರತಿ ತೆಗೆಸಿಕೊಂಡು, ಕತ್ತರಿಯಲ್ಲಿ ಕತ್ತರಿಸಿ, ಗೆರೆ ಇದ್ದಲ್ಲೆಲ್ಲ ಮಡಚಿ, ಅಂಗೈಯಗಲದ ಕಾಗದದ ಟೇಬಲ್ ಮಾಡಿ ಮೆಷಿನ್ನಿನ ಮೇಲೆ ಇಟ್ಟುಕೊಳ್ಳುವರು. ಅದು ಸರಿ ಕಂಡ ಮೇಲೆಯೇ ಸ್ಟೀಲಿಗೆ ಕೈ ಹಾಕುವುದು. ನನಗೆ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ನನ್ನ ಮೇಲೆ ನಂಬಿಕೆಯಿಲ್ಲ ಎಂದೇ ತಾನೇ ಇದರ ಅರ್ಥ?

ಆದರೆ ಮನುಷ್ಯ ಒಳ್ಳೆಯವರು. ಇಪ್ಪತ್ತೆರಡು ವರ್ಷ ದುಬೈಯಲ್ಲಿ ಕಳೆದಿದ್ದರೂ ಹೆಂಡತಿಗೆ ಒಮ್ಮೆಯೂ ಈ ಊರು ತೋರಿಸಿರಲಿಲ್ಲ. ಆ ವರ್ಷ ತಮ್ಮ ವೀಸಾ ರಿನ್ಯೂ ಆದ ಕೂಡಲೇ ಅವರನ್ನು ಒಂದು ತಿಂಗಳ ಮಟ್ಟಿಗೆ ಕರೆಸುವುದೆಂದು ತೀರ್ಮಾನಿಸಿ, ದೇರಾದಲ್ಲಿ ಪರಿಚಯದವರ ಒಂದು ರೂಮನ್ನೂ ಮಾತಾಡಿಟ್ಟಿದ್ದರು. "ಮೇಡಂ, ಒಂದು ದಿವಸ ನೀವು ಅವಳನ್ನು ಸ್ವಲ್ಪ ಸುತ್ತಾಡಿಸ್ತೀರಾ? ಹೆಂಗಸರಿಗೆ ಏನು ನೋಡ್ಬೇಕು ಅಂತ ನನಗೆ ಗೊತ್ತಾಗುದಿಲ್ಲ. ಕನ್ನಡ ಬರ್ತದೆ ಅವಳಿಗೆ," ಎಂದು ಕೇಳಿದ್ದರು. ನಾನೂ ದೇರಾದಲ್ಲೇ ನಾಲ್ಕು ಜನರ ರೂಮಿನಲ್ಲಿದ್ದೆ. ಆಗಲಿ ಎಂದಿದ್ದೆ.

ರಂಜಾನ್ ಬಂತು. ಕೆಲಸದ ಹೊತ್ತು ಎರಡು ಗಂಟೆ ಕಡಿಮೆಯಾಯಿತು, ಕೆಲಸ ಮಾತ್ರ ಅಷ್ಟೇ ಇತ್ತು. ಈದ್‌ಗೆ ಮೊದಲು ಒಂದು ಹೋಟೆಲಿಗೆ ಹದಿನೆಂಟು ಸಿಂಕ್ ಟೇಬಲ್ ಹೋಗಬೇಕಿತ್ತು, ಎಲ್ಲದರಲ್ಲೂ ಸಿಂಕು ಎಡಕ್ಕೆ. ಸ್ಟೀಲಿನ ಹಾಳೆಗೆ ಎರಡು ಮುಖ. ಯಾವ ಮುಖ ಮೇಲಿಟ್ಟು ಮಡಚುತ್ತೇವೆ ಎನ್ನುವುದರ ಮೇಲೆ ಸಿಂಕಿನ ತೂತು ಟೇಬಲಿನ ಎಡಕ್ಕೆ ಬರುತ್ತದೋ ಬಲಕ್ಕೋ ಎನ್ನುವುದು ನಿಂತಿರುತ್ತದೆ. ಮಡಚುವ ಮುಂಚೆಯಾದರೆ ಚಪಾತಿಯ ಹಾಗೆ ಮಗುಚಿ ಹಾಕಬಹುದು. ಮಡಚಿಯಾದ ಮೇಲೆ ಗುಜರಿಗೆ ಹಾಕುವುದೊಂದೇ ದಾರಿ. ಹಿಂಬದಿಯಲ್ಲಿ ಗೋಡೆಗೆ ತಾಗುವ ಅಂಚು ಇರುವುದರಿಂದ ಟೇಬಲನ್ನು ತಿರುಗಿಸಿ ಇಡುವ ಹಾಗೂ ಇಲ್ಲ.

ಅವತ್ತು ಕಾಕಾ ಕಾಗದದ ಟೇಬಲ್ ಹಿಡಿದುಕೊಂಡು ಮೆಟ್ಟಿಲು ಹತ್ತಿ ಬಂದರು. ಉಪವಾಸದ ಬಾಯಿ ಒಣಗಿತ್ತು. "ಇದೊಂದು ನೋಡಿ ಮಾರಾಯ್ರೆ. ಸಿಂಕ್ ಬಲಕ್ಕೆ ಬರ್ತಾ ಉಂಟು. ಎಡಕ್ಕೆ ಅಲ್ವಾ ಬರ್ಬೇಕಾದ್ದು?"

ನಾನು ಸ್ಕ್ರೀನಿನಿಂದ ಕಣ್ಣು ಕೀಳಲಿಲ್ಲ. "ಡ್ರಾಯಿಂಗಲ್ಲಿ ಹೇಗಿದೆಯೋ ಹಾಗೆ ಮಾಡಿ ಕಾಕಾ. ಸಾಫ್ಟ್‌ವೇರ್ ತಪ್ಪು ಮಾಡಲ್ಲ. ನಿಮ್ಮ ಈ ಕಾಗದದ ಆಟ ಇನ್ನಾದರೂ ಸಾಕು ಮಾಡಿ."

"ಆಯ್ತು. ನೀವು ಹೇಳಿದ ಮೇಲೆ ಆಯ್ತು," ಎಂದು ಆ ಪುಟ್ಟ ಟೇಬಲನ್ನು ನನ್ನ ಮೇಜಿನ ಮೇಲೇ ಬಿಟ್ಟು ಇಳಿದು ಹೋದರು. ನಾನು ಅದನ್ನು ಕಸದ ಬುಟ್ಟಿಗೆ ಹಾಕಿದೆ.

ಎರಡು ದಿನ ಬಿಟ್ಟು ಮ್ಯಾನೇಜರ್ ಫೋನ್ ಮಾಡಿದರು. ಹದಿನೆಂಟೂ ಉಲ್ಟಾ, ಮಧ್ಯಾಹ್ನ ಮೀಟಿಂಗ್ ಎಂದರು. ಫೈಲ್ ತೆರೆದೆ. ಎದೆ ಧಸಕ್ಕೆಂದಿತು. ಮಾಡೆಲನ್ನು ಬಿಚ್ಚಿ ಮೇಲಿನಿಂದ ತೋರಿಸುವ ಬದಲು, ನಾನು ಅದನ್ನು ಕೆಳಗಿನಿಂದ ತೋರಿಸಿದ್ದೆ. ಮಡಚುವ ಗುರುತುಗಳು ಹಾಗೇ ಉಳಿದು, ಎಡಕ್ಕಿರಬೇಕಾದ ತೂತು ಬಲಕ್ಕೆ ಹೋಗಿತ್ತು. ಸಾಫ್ಟ್‌ವೇರ್ ತಪ್ಪು ಮಾಡಿರಲಿಲ್ಲ, ಅಷ್ಟು ಮಾತ್ರ ನಿಜ. ನನಗೆ ಆಗಲೇ ಒಂದು ವಾರ್ನಿಂಗ್ ಲೆಟರ್ ಬಂದಿತ್ತು. ಎರಡನೆಯದು ಬಂದರೆ ಮನೆಗೆ.

ಆ ಒಂದು ಧಸಕ್ಕೇ ಕೊನೆ. ಅದರ ನಂತರ ನನಗೆ ಏನೂ ಅನಿಸಲಿಲ್ಲ. ಯಾರೋ ಹೇಳಿ ಮಾಡಿಸುತ್ತಿದ್ದ ಹಾಗೆ ಕೈ ತಾನೇ ನಡೆಯಿತು. ಒಂದು ಕ್ಲಿಕ್ಕಿನಲ್ಲಿ ಚಿತ್ರ ಮಗುಚಿಕೊಂಡಿತು. ಅದೇ ನಂಬರು, ಅದೇ ತಾರೀಕು. ಸೇವ್ ಮಾಡಿ ಪ್ರಿಂಟ್ ತೆಗೆದೆ. ಕಾಕಾ ಮಧ್ಯಾಹ್ನದ ನಮಾಜಿಗೆ ಹೋದ ಹೊತ್ತು ನೋಡಿ ಕೆಳಗಿಳಿದೆ. ಮೆಷಿನ್ನಿಗೆ ತೂಗುಹಾಕಿದ್ದ ಪ್ಲಾಸ್ಟಿಕ್ ಕವರಿನಿಂದ ಹಳೆಯ ಡ್ರಾಯಿಂಗ್ ತೆಗೆದು ಹೊಸದನ್ನು ತೂರಿಸಿದೆ. ಹಳೆಯದನ್ನು ನಾಲ್ಕಾಗಿ ಹರಿದು ಲೇಡೀಸ್ ಟಾಯ್ಲೆಟ್ಟಿನ ಬುಟ್ಟಿಗೆ ಹಾಕಿ, ಕೈ ತೊಳೆದು ಮೇಲೆ ಬಂದೆ. ಆಮೇಲೆ ಡಬ್ಬಿ ತೆಗೆದು ಚಿತ್ರಾನ್ನ ತಿಂದೆ. ಉಪ್ಪು ಕಡಿಮೆಯಾಗಿತ್ತು ಎನ್ನುವುದೂ ನೆನಪಿದೆ.

ಮೀಟಿಂಗ್ ಮೆಷಿನ್ನಿನ ಪಕ್ಕದಲ್ಲೇ ನಡೆಯಿತು. ಮ್ಯಾನೇಜರ್ ಕವರಿನಿಂದ ಹಾಳೆ ತೆಗೆದು ಕಾಕಾನ ಮುಂದೆ ಹಿಡಿದರು. ಸಿಂಕು ಎಡಕ್ಕಿತ್ತು. ಕಾಕಾ ಬಹಳ ಹೊತ್ತು ನೋಡಿದರು. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಮತ್ತೆ ನೋಡಿದರು. ಆಮೇಲೆ ನನ್ನ ಕಡೆ ತಿರುಗಿದರು. ಆ ನೋಟದಲ್ಲಿ ಸಿಟ್ಟಿದ್ದಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಏನೋ. ಸಿಟ್ಟಿರಲಿಲ್ಲ. ಅವರು ಕಣ್ಣಲ್ಲೇ ನನ್ನನ್ನು ಏನೋ ಕೇಳುತ್ತಿದ್ದರು, ಅಷ್ಟೆ.

"ಉಪವಾಸ ಅಲ್ವಾ ಸರ್, ದಣಿದಿರ್ತಾರೆ," ಎಂದೆ ನಾನು, ಹಿಂದಿಯಲ್ಲಿ.

ಕಾಕಾ ನಿಧಾನಕ್ಕೆ ತಲೆಯಾಡಿಸಿದರು. ಮ್ಯಾನೇಜರ್ "ಖಲಾಸ್" ಎಂದು ಹಾಳೆಯನ್ನು ಮೆಷಿನ್ನಿನ ಮೇಲೆ ಒಗೆದು ಹೊರಟುಹೋದರು. ಕಾಕಾನ ವೀಸಾ ರಿನ್ಯೂ ಆಗುವುದಿಲ್ಲ ಎಂದು ಅದೇ ವಾರ ಗೊತ್ತಾಯಿತು. ದೇರಾದ ರೂಮು ಬೇಡವೆಂದು ಕಾಕಾ ಫೋನಿನಲ್ಲಿ ಹೇಳುತ್ತಿದ್ದದ್ದು ನನ್ನ ಕಿವಿಗೂ ಬಿತ್ತು. ಬ್ಯಾರಿ ಭಾಷೆ ನನಗೆ ಬರುವುದಿಲ್ಲ, ಆದರೂ ಅರ್ಥವಾಯಿತು.

ಈದ್ ಮುಗಿದು ಹೊರಡುವ ದಿನ ಹೇಳಿಹೋಗಲು ಮೇಲೆ ಬಂದಿದ್ದರು. "ಅವತ್ತು ನನ್ನ ಪರವಾಗಿ ಮಾತಾಡಿದ್ದು ನೀವೊಬ್ರೇ ಮೇಡಂ. ಕಾಗದವನ್ನೇ ಉಲ್ಟಾ ಮಡಚಿದೆ ಅಂತ ಕಾಣ್ತದೆ. ಪ್ರಾಯ ಆಯ್ತಲ್ಲ. ಊರಲ್ಲಿ ಕಣ್ಣು ತೋರಿಸ್ಬೇಕು," ಎಂದರು. ತೋರಿಸಿ ಕಾಕಾ ಎಂದೆ. ನಾಚಿಕೆ ಆಗಬೇಕಿತ್ತು. ಆಗಲಿಲ್ಲ. ಬಹಳ ಹೊತ್ತು ಮಡಚಿ ಕೂತು ಮರಗಟ್ಟಿದ ಕಾಲಿನ ಹಾಗಿತ್ತು ಮನಸ್ಸು. ಅವರು ಮೆಟ್ಟಿಲಿಳಿದ ಮೇಲೆ ಒಂದು ಕಪಾಟಿನ ಐದು ಹಲಗೆಗಳನ್ನು ಬಿಚ್ಚಿ ಲೇಸರ್‌ಗೆ ಕಳಿಸಿದೆ. ಆ ಐದರಲ್ಲಿ ತಪ್ಪಿರಲಿಲ್ಲ.

ನಾಲ್ಕು ತಿಂಗಳ ಮೇಲೆ ಅವರಿಂದ ವಾಟ್ಸಾಪಿನಲ್ಲಿ ಒಂದು ವಾಯ್ಸ್ ಮೆಸೇಜ್ ಬಂತು. ಬೆಳಗ್ಗೆ ಫ್ಯಾಕ್ಟರಿಗೆ ಕರೆದೊಯ್ಯುವ ಬಾಡಿಗೆ ಕಾರಿನಲ್ಲಿ, ಅಕ್ಕಪಕ್ಕದವರಿಗೆ ಕೇಳಿಸದ ಹಾಗೆ ಫೋನನ್ನು ಕಿವಿಗೆ ಒತ್ತಿಕೊಂಡು ಕೇಳಿದೆ. "ಹೇಗಿದ್ದೀರಿ ಮೇಡಂ? ಮಂಗಳೂರಲ್ಲಿ ಕಣ್ಣು ತೋರಿಸಿದೆ. ಕಣ್ಣು ಒಳ್ಳೇದುಂಟಂತೆ. ಹಾಗಾದ್ರೆ ಇದು ತಲೆಯದ್ದೇ ಏನೋ ಸಮಸ್ಯೆ. ಒಂದು ಸ್ಕೂಟರ್ ತಗೊಂಡಿದ್ದೆ, ದುಬೈ ತೋರಿಸ್ಲಿಕ್ಕೆ ಆಗ್ಲಿಲ್ಲ, ಇಲ್ಲಿಯೇ ಇವಳನ್ನು ಹಿಂದೆ ಕೂರಿಸಿ ಅಲ್ಲಿಲ್ಲಿ ಹೋಗುವ ಅಂತ. ಈಗ ಹೆದರಿಕೆ ಆಗ್ತದೆ. ನನಗೆ ಎಡ ಬಲ ತಪ್ಪಿದ್ರೆ ಇವಳ ಜೀವ ಅಲ್ವಾ? ನೀವು ಓದಿದವರು, ಏನು ಹೇಳ್ತೀರಿ?"

ಎರಡು ಸಲ ಕೇಳಿದೆ. ಫ್ಯಾಕ್ಟರಿ ಮುಟ್ಟುವುದಕ್ಕೆ ಇನ್ನೂ ಇಪ್ಪತ್ತು ನಿಮಿಷವಿತ್ತು. ನಿಜ ಹೇಳುವುದಕ್ಕೆ ಒಂದು ನಿಮಿಷ ಸಾಕಾಗಿತ್ತು. "ಹುಷಾರಾಗಿರಿ ಕಾಕಾ, ರೆಸ್ಟ್ ತಗೊಳ್ಳಿ," ಎಂದು ಟೈಪ್ ಮಾಡಿ ಕಳಿಸಿದೆ.

ಮಾರನೆಯ ದಿನ ಉತ್ತರ ಬಂತು. "ನೀವು ಹೇಳಿದ ಹಾಗೇ ಮೇಡಂ. ಸ್ಕೂಟರ್ ಕೊಟ್ಟುಬಿಟ್ಟೆ."