ಬಡ್ತಿ ಬಿಟ್ಟು ಹಿಡಿದ ತಂಬೂರಿ

ಹುದ್ದೆ ಬೆಳೆದರೆ ಏನು ಬಂತು, ಮನುಷ್ಯ ಬೆಳೆಯಬೇಕು ಎಂದು ಯಾರಾದರೂ ಉಪದೇಶ ಶುರು ಮಾಡಿದರೆ ನನಗೆ ಮೈ ಉರಿಯುತ್ತದೆ. ಎದ್ದು ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಯನ್ನೇ ಮತ್ತೆ ತೊಳೆಯುತ್ತಾ ನಿಲ್ಲುತ್ತೇನೆ. ಒಂದು ಕಾಲಕ್ಕೆ ಕಂಡಕಂಡವರಿಗೆಲ್ಲ ಅದೇ ಮಾತು ಹೇಳಿಕೊಂಡು ತಿರುಗಿದವಳು ನಾನು.

ಎಪ್ಪತ್ತರ ದಶಕದ ನಡುವಿನಲ್ಲಿ ನನಗೆ ಸರ್ಕಾರಿ ಆಫೀಸೊಂದರಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿತು. ನಮ್ಮದು ನಗರ್ತಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ ಇಟ್ಟುಕೊಂಡು ಬಂದ ಮನೆತನ. ಬೆಳಿಗ್ಗೆ ಲಿಂಗಪೂಜೆ, ಆಮೇಲೆ ತಕ್ಕಡಿ, ನಡುವೆ ಬೇರೆ ಯಾವುದಕ್ಕೂ ಪುರುಸೊತ್ತಿಲ್ಲ. ಮನೆಯಲ್ಲಿ ಆಫೀಸು ಕುರ್ಚಿಯ ಮೇಲೆ ಕೂತ ಮೊದಲ ಹೆಣ್ಣು ನಾನೇ ಎಂದು ಅಪ್ಪಾಜಿ ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಹೆಸರು ಹೇಳುವ ದೊಡ್ಡ ಅಧಿಕಾರಿಯಾಗಿ ನಾನು ನಿವೃತ್ತಳಾಗಬೇಕು ಎಂಬುದು ಅವರ ಕನಸು. ನನ್ನ ಕನಸೇ ಬೇರೆ ಇತ್ತು. ಚಿಕ್ಕವಳಿದ್ದಾಗ ಚಾಮರಾಜಪೇಟೆಯ ರಾಮನವಮಿ ಚಪ್ಪರಕ್ಕೆ ಪಾನಕ ಕುಡಿಯಲು ಹೋಗಿ, ಲೋಟ ಕೈಯಲ್ಲಿ ಹಿಡಿದುಕೊಂಡೇ ಹಾಡು ಕೇಳುತ್ತಾ ನಿಂತುಬಿಟ್ಟಿದ್ದೆ. ಅಂಥದೊಂದು ವೇದಿಕೆಯ ಮೇಲೆ ಕೂತು ನಾನೂ ಹಾಡಬೇಕು ಎಂಬ ಆಸೆ ಅವತ್ತು ಹುಟ್ಟಿದ್ದು. ಮೊದಲ ಸಂಬಳ ಬಂದ ತಿಂಗಳೇ ಗವಿಪುರದ ಒಬ್ಬ ಸಂಗೀತ ಮೇಷ್ಟ್ರ ಹತ್ತಿರ ಪಾಠಕ್ಕೆ ಸೇರಿದೆ.

ಮೇಷ್ಟ್ರು ಯಾರನ್ನೂ ಗದರುತ್ತಿರಲಿಲ್ಲ. ಸ್ವರ ತಪ್ಪಿದರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದರು, ಅಷ್ಟೇ. ಎರಡನೇ ವರ್ಷ ತುಂಬುವ ಹೊತ್ತಿಗೆ ಒಂದು ಸಂಜೆ ತಮ್ಮ ತಂಬೂರಿಯನ್ನು ನನ್ನ ತೊಡೆಯ ಮೇಲಿಟ್ಟರು. ಶ್ರುತಿ ನೀನು ನೋಡಿಕೋ, ಕೈ ನಿಲ್ಲಬಾರದು, ಹಾಡುವುದು ಬೇಡ, ಕೇಳಿಸಿಕೋ ಎಂದರು. ಆಮೇಲೆ ಅವರ ಕಛೇರಿಗಳಿಗೂ ನನ್ನನ್ನು ಕರೆದುಕೊಂಡು ಹೋಗತೊಡಗಿದರು. ವೇದಿಕೆಯ ಮೇಲೆ ಅವರ ಬೆನ್ನಿಗೆ ಇಬ್ಬರು ಶಿಷ್ಯೆಯರು. ಒಬ್ಬಳು ಬಸವನಗುಡಿಯ ಹುಡುಗಿ, ಅವರೊಂದಿಗೆ ದನಿಗೂಡಿಸುತ್ತಿದ್ದಳು. ಇನ್ನೊಬ್ಬಳು ನಾನು, ಬಾಯಿ ಮುಚ್ಚಿಕೊಂಡು ಮೀಟುತ್ತಿದ್ದೆ.

ನಾನು ಇದನ್ನು ಅರ್ಥ ಮಾಡಿಕೊಂಡ ರೀತಿ ನೆನೆದರೆ ಈಗಲೂ ನಗು ಬರುತ್ತದೆ, ಒಳ್ಳೆಯ ನಗುವಲ್ಲ. ನಮ್ಮ ಅಂಗಡಿಯಲ್ಲಿ ತಕ್ಕಡಿಯನ್ನು ಎಲ್ಲರ ಕೈಗೂ ಕೊಡುತ್ತಿರಲಿಲ್ಲ. ಹೊಸಬರು ಮಾತಾಡಿ ಗಿರಾಕಿಯನ್ನು ಕೂರಿಸಬೇಕು, ಬೆಲೆ ಹೇಳಬೇಕು, ಪಾತ್ರೆ ಕೆಳಗಿಳಿಸಬೇಕು. ತೂಕ ಮಾತ್ರ ಅಪ್ಪಾಜಿಯ ಅತಿ ನಂಬಿಕೆಯವನದು, ಅವನು ತುಟಿ ಬಿಚ್ಚುವುದಿಲ್ಲ, ಮುಂದೆ ಅಂಗಡಿಯ ಪಾಲೂ ಅವನಿಗೇ. ಸಂಗೀತದ ಗಂಧವಿಲ್ಲದ ಮನೆಯಿಂದ ಬಂದವಳಿಗೆ ಅಳೆಯಲು ಇದ್ದದ್ದು ಆ ಒಂದೇ ಲೆಕ್ಕ. ಹಾಡುವ ಹುಡುಗಿ ಇನ್ನೂ ಕಲಿಯುತ್ತಿದ್ದಾಳೆ, ಶ್ರುತಿ ಹಿಡಿದ ನಾನು ಅವಳಿಗಿಂತ ಮುಂದಿದ್ದೇನೆ, ನನ್ನ ಸರದಿ ಬಂದೇ ಬರುತ್ತದೆ ಎಂದುಕೊಂಡೆ. ಯಾರನ್ನೂ ಕೇಳಲಿಲ್ಲ. ಕೇಳುವುದೇನಿದೆ ಎನಿಸಿತ್ತು.

ಮೊದಲ ಬಡ್ತಿ ಬಂದಾಗ ಬಳ್ಳಾರಿಗೆ ಹೋಗಬೇಕಿತ್ತು, ಹೋದರೆ ಪಾಠ ತಪ್ಪುತ್ತಿತ್ತು. ಬೇಡವೆಂದು ಬರೆದುಕೊಟ್ಟರೆ ಆಫೀಸಿನವರು ಬಲವಂತ ಮಾಡುವುದಿಲ್ಲ, ನಿಮ್ಮ ಹಿಂದಿನವರನ್ನು ಮುಂದೆ ಕಳಿಸುತ್ತಾರೆ. ಬರೆದುಕೊಟ್ಟೆ. ಅಪ್ಪಾಜಿ ಒಂದು ವಾರ ನನ್ನ ಜೊತೆ ಮಾತಾಡಲಿಲ್ಲ. ಎರಡನೇ ಸಲ ರಾಯಚೂರು, ಅದನ್ನೂ ಬಿಟ್ಟೆ. ಆ ಜಾಗಕ್ಕೆ ಹೋದವಳು ನನ್ನ ಡಬ್ಬಿಯ ಚಿತ್ರಾನ್ನ ತಿನ್ನುತ್ತಿದ್ದ ಹುಡುಗಿ. ಕೆಲವು ವರ್ಷ ಅಲ್ಲಿ ಬಿಸಿಲು ಕುಡಿದು, ನಮ್ಮ ಸೆಕ್ಷನ್ನಿಗೇ ಸೂಪರಿಂಟೆಂಡೆಂಟ್ ಆಗಿ ವಾಪಸು ಬಂದಳು. ನಾನು ಅವಳ ಮುಂದೆ ಫೈಲು ಹಿಡಿದು ನಿಲ್ಲುತ್ತಿದ್ದೆ. ಹೊಟ್ಟೆ ಉರಿಯಲಿಲ್ಲ ಎಂದರೆ ಸುಳ್ಳಾಗುತ್ತದೆ, ಆದರೆ ಸಂಜೆಯ ಪಾಠ ನೆನಪಾದರೆ ಆ ಉರಿ ತಣ್ಣಗಾಗುತ್ತಿತ್ತು.

ಎಂಬತ್ತರ ದಶಕ ಅರ್ಧ ದಾಟಿದಾಗ ಮೂರನೇ ಸಲ ಹೆಸರು ಬಂತು. ಅವಳೇ ನನ್ನನ್ನು ಕರೆದು ಕೂರಿಸಿದಳು. ಕಾಫಿ ತರಿಸಿದಳು.

"ಅಕ್ಕಾ, ಈ ಸಲ ಬಿಡ್ಬೇಡಿ. ಇನ್ಮೇಲೆ ನಿಮ್ಮ ಹೆಸರು ಮೇಲಕ್ಕೆ ಬರೋದು ಕಷ್ಟ ಇದೆ."

ನಾನು ಬಿಗುಮಾನದಿಂದಲೇ ಹೇಳಿದೆ: "ನೀವೆಲ್ಲ ಕುರ್ಚಿ ದೊಡ್ಡದು ಮಾಡ್ಕೊಳ್ಳಿ. ನಾನು ಬೆಳೀಬೇಕಾಗಿರೋದು ಬೇರೆ ಕಡೆ."

ಅವತ್ತೇ ಬರೆದುಕೊಟ್ಟೆ. ಗಾಂಧಿ ಬಜಾರಿನಲ್ಲಿ ಇಳಿದು ಹಣ್ಣು, ಒಂದು ಮೊಳ ಮಲ್ಲಿಗೆ ತೆಗೆದುಕೊಂಡು ನೇರ ಗವಿಪುರಕ್ಕೆ ನಡೆದೆ. ಮೇಷ್ಟ್ರು ಜಗಲಿಯಲ್ಲಿ ಒಬ್ಬರೇ ಕೂತಿದ್ದರು. ಹಣ್ಣಿಟ್ಟು ನಮಸ್ಕಾರ ಮಾಡಿ, ಬರುವ ರಾಮನವಮಿಗಾದರೂ ನನಗೆ ಒಂದು ಹಾಡು ಹಾಡಲು ಬಿಡಿ ಎಂದೆ. ಈ ಸಲದ ಬಡ್ತಿಯನ್ನೂ ಬಿಟ್ಟು ಬಂದಿದ್ದೇನೆ ಎಂದೆ.

ಅವರು ಹಣ್ಣನ್ನು ಪಕ್ಕಕ್ಕೆ ಸರಿಸಿದರು. ಈ ಸಲದ್ದೂ ಎಂದರೇನು, ಹಿಂದೆಯೂ ಬಿಟ್ಟಿದ್ದೆಯಾ ಎಂದು ಕೇಳಿದರು. ಹೇಳಿದೆ. ಅವರಿಗೆ ಅದೇನೂ ಗೊತ್ತಿರಲಿಲ್ಲ.

"ನಿನ್ನ ಗಂಟ್ಲಲ್ಲಿ ಸ್ವರ ನಿಲ್ಲೋದಿಲ್ಲ ಕಣಮ್ಮ," ಎಂದರು. "ಮೊದಲ್ನೇ ವರ್ಷಾನೇ ಗೊತ್ತಾಯ್ತು. ಬರಬೇಡ ಅನ್ನೋಕೆ ಮನಸ್ಸು ಬರ್ಲಿಲ್ಲ, ಅದಕ್ಕೇ ತಂಬೂರಿ ಕೊಟ್ಟೆ. ತಂಬೂರಿ ಕೊಟ್ರೆ ಎಲ್ರಿಗೂ ಅರ್ಥ ಆಗುತ್ತೆ. ನಿನಗೂ ಆಗಿದೆ ಅಂದ್ಕೊಂಡಿದ್ದೆ."

ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ನೋಡಿದೆ, ಬರಲಿಲ್ಲ. ನಾಚಿಕೆಯಾಯಿತು, ಸತ್ತುಹೋಗುವಷ್ಟು ನಾಚಿಕೆ. ಮಲ್ಲಿಗೆಯನ್ನು ಒಳಗಿದ್ದ ಅವರ ಹೆಂಡತಿಯ ಕೈಗೆ ಕೊಟ್ಟು ಹೊರಟೆ. ಮೇಷ್ಟ್ರು ತಂಬೂರಿಯನ್ನು ಗವುಸಿನ ಸಮೇತ ತಂದು, ಇದು ನಿನ್ನ ಹತ್ತಿರವೇ ಇರಲಿ ಎಂದರು. ಹನುಮಂತನಗರದ ನಮ್ಮ ಮನೆಯವರೆಗೂ ಅದನ್ನು ತಬ್ಬಿಕೊಂಡು ನಡೆದೆ.

ಬರೆದುಕೊಟ್ಟದ್ದನ್ನು ವಾಪಸು ಕೇಳಲಿಲ್ಲ. ಕೇಳಬಹುದಿತ್ತೋ ಏನೋ, ಆ ಹುಡುಗಿಯ ಮುಂದೆ ನಿಂತು ಏನೆಂದು ಕೇಳಲಿ? ಗುಮಾಸ್ತೆಯಾಗಿಯೇ ನಿವೃತ್ತಳಾದೆ. ಬೀಳ್ಕೊಡುಗೆಯಲ್ಲಿ ಅವಳು ನನ್ನನ್ನು ಕಲಾವಿದೆ ಎಂದು ಹೊಗಳಿದಳು. ಅಪ್ಪಾಜಿ ಅಷ್ಟರಲ್ಲಿ ಇರಲಿಲ್ಲ, ಅದೊಂದು ಸಮಾಧಾನ.

ಅದಕ್ಕೆಲ್ಲ ಮುಂಚೆ, ಮೇಷ್ಟ್ರು ಹಾಗೆಂದ ನಂತರದ ಭಾನುವಾರ ಬೆಳಿಗ್ಗೆ ಅಮ್ಮ ಗುಡ್ಡದ ದೇವಸ್ಥಾನಕ್ಕೆ ಹೋಗಿದ್ದಳು. ಬಾಗಿಲು ಹಾಕಿಕೊಂಡು ತಂಬೂರಿ ಶ್ರುತಿ ಮಾಡಿದೆ. ಒಂದು ಕೂದಲೆಳೆ ವ್ಯತ್ಯಾಸವಿಲ್ಲದಂತೆ ಕೂಡಿತು, ಅದು ನನಗೆ ಚೆನ್ನಾಗಿ ಬರುತ್ತಿತ್ತು. ಎಷ್ಟೋ ವರ್ಷದ ಮೇಲೆ ಬಾಯಿ ತೆರೆದು, ಮಕ್ಕಳಿಗೆ ಮೊದಲು ಹೇಳಿಕೊಡುವ ಗೀತೆಯೊಂದನ್ನು ಹಾಡಿದೆ. ಪಾಠಕ್ಕೆ ಸೇರಿದ ಹೊಸದರಲ್ಲಿ ಅದನ್ನೇ ಗಂಟಲು ಬಿಚ್ಚಿ ಹಾಡಿ ಖುಷಿಪಟ್ಟಿದ್ದವಳು ನಾನು. ಆಗ ಕೇಳಿಸದೇ ಇದ್ದದ್ದು ಈಗ ಕೇಳಿಸಿತು. ಪ್ರತಿ ಸ್ವರವೂ ತಂತಿಯ ದನಿಗಿಂತ ಒಂದಿಷ್ಟು ಕೆಳಗೇ ಉಳಿಯುತ್ತಿತ್ತು. ಬೇರೆಯವರು ಯಾರೂ ಹೇಳಬೇಕಿರಲಿಲ್ಲ, ಅಷ್ಟು ವರ್ಷ ಬಾಯಿ ಮುಚ್ಚಿ ಕೇಳಿದ್ದಕ್ಕೆ ನನ್ನ ಕಿವಿ ಅಷ್ಟರಮಟ್ಟಿಗೆ ಬೆಳೆದಿತ್ತು. ಎರಡನೇ ಸಾಲಿಗೆ ಬರುವಷ್ಟರಲ್ಲಿ, ಮೇಷ್ಟ್ರು ಮುಚ್ಚಿಕೊಳ್ಳುತ್ತಿದ್ದ ಹಾಗೆಯೇ, ನಾನೂ ಕಣ್ಣು ಮುಚ್ಚಿಕೊಂಡಿದ್ದೆ.