ಕಮಟು ಎಂದ ಸಂಜೆ

ಇವತ್ತು ಮಧ್ಯಾಹ್ನ ಮೆಲ್ಬರ್ನಿನ ಡಾಕ್‌ಲ್ಯಾಂಡ್ಸ್‌ನ ನಮ್ಮ ಅಪಾರ್ಟ್‌ಮೆಂಟಿನ ಲಿಫ್ಟಿನಲ್ಲಿ ಒಂದು ಸಣ್ಣ ಅನಾಹುತವಾಯಿತು. ಪುಡಿ ಮಾಡಿಸಿದ ಬಾರ್ಲಿ ಮಾಲ್ಟಿನ ಕಾಗದದ ಚೀಲವನ್ನು ಎದೆಗವಚಿಕೊಂಡು ಕೆಳಗಿನ ಕಾಮನ್ ರೂಮಿಗೆ ಹೊರಟಿದ್ದೆ. ಚೀಲದ ತಳ ಹರಿದು, ಎರಡು ಹಿಡಿ ಮಾಲ್ಟು ನನ್ನ ಚಪ್ಪಲಿಯ ಮೇಲೆ ಸುರಿಯಿತು. ಲಿಫ್ಟಿನ ತುಂಬ ಘಮ್ಮೆಂದಿತು. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು ಮೂಗರಳಿಸಿ, ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಬಿಸ್ಕತ್ತಾ?" ಎಂದು ಕೇಳಿದರು. ಬಿಸ್ಕತ್ತಿನ ದೊಡ್ಡಮ್ಮನ ಮಗಳು ಅನ್ನಬೇಕೆನಿಸಿತು. ಇಂಗ್ಲಿಷಿನಲ್ಲಿ ದೊಡ್ಡಮ್ಮನಿಗೆ ಏನನ್ನುವುದೆಂದು ಯೋಚಿಸುವಷ್ಟರಲ್ಲಿ ಅವರು ಇಳಿದುಹೋದರು.

ಯಾವ ವಾಸನೆ ನಿಮ್ಮನ್ನು ಎಲ್ಲಿಗೆ ಕರೆದೊಯ್ಯುತ್ತದೋ ನಾನರಿಯೆ. ಈ ವಾಸನೆ ಮಾತ್ರ ನನ್ನನ್ನು ಸೀದಾ ಸಿಡ್ನಿಗೆ, ಕ್ವೇಕರ್ಸ್ ಹಿಲ್‌ನಲ್ಲಿದ್ದ ನಮ್ಮ ಹಳೆಯ ಮನೆಯ ಹಿತ್ತಲ ಬೇಲಿಗೆ ಒಯ್ದು ನಿಲ್ಲಿಸುತ್ತದೆ.

ಆ ಮನೆಗೆ ಹೋದ ಹೊಸತು. ಶನಿವಾರ ಬಂತೆಂದರೆ ಬೇಲಿಯಾಚೆಯಿಂದ ಮೊಳಕೆ ಕಟ್ಟಿದ ರಾಗಿಯನ್ನು ಹುರಿದು ಗಂಜಿ ಕಾಸಿದಂಥ ವಾಸನೆ ತೇಲಿ ಬರುತ್ತಿತ್ತು. ನನ್ನ ಮಗಳು ಕೂಸಾಗಿದ್ದಾಗ ಧಾರವಾಡದಿಂದ ಅವ್ವ ಕಳಿಸುತ್ತಿದ್ದ ಹಿಟ್ಟಿನದೇ ವಾಸನೆ. ಹಿಂದಿನ ಮನೆಯಲ್ಲಿ ನಮ್ಮವರು ಯಾರೋ ಇದ್ದಾರೆ, ಮನೆಯಲ್ಲಿ ಎಳೆ ಮಗುವಿದೆ ಎಂದು ನಾನು ಕತೆ ಕಟ್ಟಿಕೊಂಡೆ. ಒಂದು ಶನಿವಾರ ತಡೆಯಲಾರದೆ ಬಕೆಟ್ಟು ಬೋರಲು ಹಾಕಿ, ಹತ್ತಿ, ಇಣುಕಿದೆ. ಎಳೆ ಮಗುವೂ ಇಲ್ಲ, ನಮ್ಮವರೂ ಇಲ್ಲ. ಚಡ್ಡಿ, ಗಮ್‌ಬೂಟು ತೊಟ್ಟ ಎಪ್ಪತ್ತರ ಆಸುಪಾಸಿನ ಬಿಳಿಗೂದಲ ಹೆಂಗಸೊಬ್ಬರು ಹಂಡೆಯಂಥ ಪಾತ್ರೆಗೆ ದೋಣಿಯ ಹುಟ್ಟಿನಂಥ ಸೌಟು ಹಾಕಿ ತಿರುವುತ್ತಿದ್ದರು.

"ನೀವು ರಾಗಿ ಮಾಲ್ಟ್ ಮಾಡ್ತಿದೀರಾ?" ಎಂದು ಕೂಗಿದೆ.

"ಮಾಲ್ಟ್ ಹೌದು, ಲವ್," ಎಂದರು ಅವರು. "ರಾಗಿ ಯಾರು?"

ಅವರೇ ಮೊರೀನ್. ಮನೆಯಲ್ಲೇ ಬಿಯರ್ ಮಾಡುವವರ ಒಂದು ಸಣ್ಣ ಕ್ಲಬ್ಬಿನ ಯಜಮಾನಿ. ಬೇಲಿಯ ಮೇಲಿನಿಂದಲೇ ಪಾಠ ಶುರುವಾಯಿತು. ಬಾರ್ಲಿಯನ್ನು ಮೊಳಕೆ ಬರಿಸಿ ಒಣಗಿಸಿದರೆ ಮಾಲ್ಟು. ಅದನ್ನು ಬಿಸಿನೀರಿನಲ್ಲಿ ನೆನೆಸಿ ಬಸಿದರೆ ಸಿಹಿಗಂಜಿ. ಹಾಪ್ಸ್ ಎಂಬ ಒಣಹೂವು ಹಾಕಿ ಕುದಿಸಿದರೆ ಕಹಿ. ಆರಿಸಿ ಯೀಸ್ಟ್ ಬೆರೆಸಿದ ಮೇಲೆ ನಮ್ಮ ಕೆಲಸ ಮುಗಿಯಿತು, ಮಿಕ್ಕಿದ್ದು ಅದರದು. ಕೊನೆಗೆ ಒಂದು ಗ್ಲಾಸನ್ನೂ ಬೇಲಿ ದಾಟಿಸಿದರು. ನಲವತ್ತರ ಹೊಸ್ತಿಲಲ್ಲಿ ನಾನು ಬಾಯಿಗಿಟ್ಟ ಮೊದಲ ಬಿಯರ್ ಅದು. ನನ್ನ ಮುಖ ಹೇಗಾಯಿತೋ, ಮೊರೀನ್ ಸೌಟು ಬಿಟ್ಟು ನಗತೊಡಗಿದರು.

"ಬೇವಿನ ಕಷಾಯಕ್ಕೆ ಸೋಡಾ ಬೆರೆಸಿದ ಹಾಗಿದೆ," ಎಂದೆ.

"ಇದನ್ನೇ ಬಂದು ಕ್ಲಬ್ಬಲ್ಲಿ ಹೇಳು!" ಎಂದರು. "ನಮ್ಮವರಿಗೆ 'ನೈಸ್' ಬಿಟ್ಟರೆ ಬೇರೆ ಮಾತೇ ಬರೋದಿಲ್ಲ."

ಮನೆಯಲ್ಲಿ ಗಂಡನ ಮುಂದೆ ವಿಷಯ ತೆಗೆದೆ. ನಮ್ಮವರು ಚಹಾದ ಕಪ್ಪು ಕೆಳಗಿಟ್ಟರು. "ಧಾರವಾಡದಾಗ ನಿಮ್ಮಪ್ಪಗ ಗೊತ್ತಾದ್ರ ಏನಂತಾರ? ಮಾಸ್ತರ ಮಗಳು ಹೆಂಡ ಕಾಸಾಕ ಹೊಂಟಾಳ ಅಂತ?"

"ಕಾಸಂಗಿಲ್ರೀ," ಎಂದೆ. "ಬರೇ ಮೂಸ್ತೀನಿ."

ಮೂಸುವುದೇ ಅಲ್ಲಿ ದೊಡ್ಡ ಕೆಲಸವೆಂದು ನನಗಾದರೂ ಏನು ಗೊತ್ತಿತ್ತು! ತಿಂಗಳಿಗೊಮ್ಮೆ ಶುಕ್ರವಾರ ಸಂಜೆ ಮೊರೀನ್ ಅವರ ಗ್ಯಾರೇಜಿನಲ್ಲಿ ಮೀಟಿಂಗ್. ಪ್ಲಾಸ್ಟಿಕ್ ಕುರ್ಚಿಗಳು, ಹದಿನೈದು ಜನ. ಯಾರ ಬಿಯರ್ ಯಾವುದೆಂದು ತಿಳಿಯದಿರಲಿ ಎಂದು ಬಾಟಲಿಗಳಿಗೆಲ್ಲ ಹಳೆಯ ಕಾಲುಚೀಲ ತೊಡಿಸಿರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಗುಟುಕು. ಮೊದಲು ಮೂಸಬೇಕು, ಆಮೇಲೆ ಗುಟುಕರಿಸಬೇಕು, ಆಮೇಲೆ ಸರದಿಯಂತೆ ಮಾತಾಡಬೇಕು. 'ನೈಸ್' ಎಂದವರಿಗೆ ಆವತ್ತಿನ ಗ್ಲಾಸು ತೊಳೆಯುವ ಶಿಕ್ಷೆ. ಎಲ್ಲರೂ ಹೇಳಿ ಮುಗಿಸಿದ ಮೇಲಷ್ಟೇ ಮಾಡಿದವರು ಕೈ ಎತ್ತುವುದು.

ಮೊದಲ ಸಂಜೆ ನನ್ನ ಸರದಿ ಬಂದಾಗ ನಾಲಿಗೆಯ ಮೇಲೆ ರುಚಿಯಿತ್ತು, ಅದಕ್ಕೆ ಇಂಗ್ಲಿಷಿರಲಿಲ್ಲ. ತಡಬಡಿಸಿದೆ. "ನಿನ್ನ ಭಾಷೇಲೇ ಹೇಳು, ಆಮೇಲೆ ಬಿಡಿಸಿ ಹೇಳು," ಎಂದರು ಮೊರೀನ್.

"ಒಗರು," ಎಂದೆ. "ಎಳೆ ಬಾಳೆಕಾಯಿ ಕಚ್ಚಿದರೆ ನಾಲಿಗೆ ಹಿಡಿದುಕೊಳ್ಳುತ್ತಲ್ಲ, ಹಾಗೆ."

"ಅದೇ! ಅದೇ!" ಎಂದು ಎದುರಿಗಿದ್ದ ಭಾರಿ ಆಳೊಬ್ಬ ತೊಡೆ ತಟ್ಟಿಕೊಂಡ. ಎಲೆಕ್ಟ್ರಿಷಿಯನ್ ಡೀನ್. ಮುಂದಿನ ತಿಂಗಳು ಅವನೇ ಗ್ಲಾಸನ್ನು ಬೆಳಕಿಗೆ ಹಿಡಿದು ಗಂಭೀರವಾಗಿ, "ಇದು ತುಸು ಓಗಾರೂ," ಎಂದ. ಅಲ್ಲಿಂದ ನನ್ನನ್ನು ಹಿಡಿಯುವವರೇ ಇರಲಿಲ್ಲ. ಘಾಟು ಕೊಟ್ಟೆ, ಮುಗ್ಗಲು ಕೊಟ್ಟೆ, ಕಮಟು ಕೊಟ್ಟೆ. ಕಮಟು ಅವರಿಗೆ ತಿಳಿಯಲಿ ಎಂದು ತಿಂಗಳುಗಟ್ಟಲೆ ಡಬ್ಬಿಯಲ್ಲಿ ಮರೆತಿದ್ದ ಕೊಬ್ಬರಿ ಬಟ್ಟಲನ್ನೇ ಒಯ್ದು ಎಲ್ಲರ ಮೂಗಿಗೂ ಹಿಡಿದೆ. ಹದಿನೈದು ಮುಖಗಳು ಒಟ್ಟಿಗೆ ಕಿವುಚಿದವು. ಆಫೀಸಿನ ಮೀಟಿಂಗುಗಳಲ್ಲಿ ಬಾಯಿ ತೆರೆಯುವ ಮೊದಲು ವಾಕ್ಯವನ್ನು ಮನಸ್ಸಿನಲ್ಲೇ ಇಸ್ತ್ರಿ ಮಾಡಿಕೊಳ್ಳುತ್ತಿದ್ದವಳು ನಾನು. ಈ ಗ್ಯಾರೇಜಿನಲ್ಲಿ ಜನ ನನ್ನ ಮಾತಿಗೆ ಕಾಯುತ್ತಿದ್ದರು! ಮನೆಗೆ ಬರುವಾಗ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅದು ಬಿಯರಿನಿಂದಲ್ಲ ಎಂದರೆ ನಮ್ಮವರು ನಂಬುತ್ತಿರಲಿಲ್ಲ, ಅಷ್ಟೇ.

ಒಂದು ವರ್ಷ ಕಳೆದಿರಬೇಕು. ಮೊರೀನ್ ಅವರಿಗೆ ಮಂಡಿಯ ಆಪರೇಷನ್ ನಿಗದಿಯಾಯಿತು. "ಈ ತಿಂಗಳ ಮೀಟಿಂಗ್ ನೀನು ನಡೆಸು," ಎಂದುಬಿಟ್ಟರು. ನಾನು ಕನ್ನಡಿಯ ಮುಂದೆ ನಿಂತು ಸ್ವಾಗತ ಭಾಷಣ ಅಭ್ಯಾಸ ಮಾಡಿದೆ. ಮಗಳು ಸೋಫಾದಿಂದಲೇ, "ಅಮ್ಮಾ, ಯು ಸೌಂಡ್ ಲೈಕ್ ಆನ್ ಏರ್‌ಪೋರ್ಟ್," ಎಂದಳು.

ಆ ಸಂಜೆ ಡೀನ್ ಎಲ್ಲರಿಗಿಂತ ಮೊದಲೇ ಬಂದು ಕೂತಿದ್ದ. ಮೂರು ವಾರಕ್ಕೆ ಅವನ ಮಗಳ ಮದುವೆ, ಸ್ಕೋಫೀಲ್ಡ್ಸ್‌ನ ಅವನ ಮನೆಯ ಹಿತ್ತಲಲ್ಲೇ. ಮದುವೆಗೆ ಬೇಕಾದ ಬಿಯರನ್ನೆಲ್ಲ ತಾನೇ ಮಾಡಿ ಸ್ಟೀಲ್ ಪೀಪಾಯಿಗಳಲ್ಲಿ ತುಂಬಿಟ್ಟಿದ್ದ. ಮಗಳು ಚಿಕ್ಕವಳಿದ್ದಾಗಲೇ ಕೊಟ್ಟ ಮಾತಂತೆ ಅದು. ಅದರದೊಂದು ಬಾಟಲಿಯನ್ನು ಹೊಚ್ಚಹೊಸ ಬಿಳಿ ಕಾಲುಚೀಲದಲ್ಲಿ ಇಳಿಸಿ ತಂದಿದ್ದ. ಅದು ಯಾರದೆಂದು ಕುರುಡನಿಗೂ ಗೊತ್ತಾಗುವಂತಿತ್ತು.

ಗ್ಲಾಸು ಮೂಗಿನ ಹತ್ತಿರ ತಂದೆ. ಇನ್ನೊಮ್ಮೆ ಮೂಸಿದೆ. ಅನುಮಾನವೇ ಇಲ್ಲ. ಸುತ್ತ ನೋಡಿದರೆ ಎಲ್ಲರ ಕಣ್ಣೂ ತಂತಮ್ಮ ಗ್ಲಾಸಿನೊಳಗೆ.

"ಬಣ್ಣ ಚೆನ್ನಾಗಿದೆ," ಎಂದಳು ಒಬ್ಬಳು ನರ್ಸ್.

"ಮದುವೆಗೆ ಹೇಳಿ ಮಾಡಿಸಿದ ಹಾಗಿದೆ," ಎಂದರು ಒಬ್ಬ ರಿಟೈರ್ಡ್ ಮೇಷ್ಟ್ರು.

ಒಬ್ಬರಾದ ಮೇಲೊಬ್ಬರು 'ನೈಸ್' ಎನ್ನದೆಯೇ 'ನೈಸ್' ಎಂದರು. ಡೀನ್ ನಗುನಗುತ್ತ ಕೊನೆಯವಳಾದ ನನ್ನತ್ತ ತಿರುಗಿದ. ಅವನ ಮುಖದಲ್ಲಿ ಆಗಲೇ ಮದುವೆಯ ಕಳೆಯಿತ್ತು. ಸುಮ್ಮನೆ ನಕ್ಕುಬಿಡಲೇ ಎನಿಸಿತು. ಆದರೆ ಹಿತ್ತಲ ತುಂಬ ಬೀಗರು ಒಂದು ಗುಟುಕು ಕುಡಿದು ಗ್ಲಾಸು ಹುಲ್ಲಿನ ಮೇಲಿಡುವುದು ಕಣ್ಣಿಗೆ ಕಟ್ಟಿತು.

"ಡೀನ್," ಎಂದೆ. "ಕಮಟು."

ಬಿಡಿಸಿ ಹೇಳುವ ಅಗತ್ಯವಿರಲಿಲ್ಲ. ನಗು ಅವನ ಮುಖದ ಮೇಲೆ ಇನ್ನೊಂದು ಕ್ಷಣ ಇದ್ದು, ಆಮೇಲೆ ಇಳಿಯಿತು. ಬಿಳಿ ಕಾಲುಚೀಲದ ಬಾಟಲಿಯನ್ನು ಎತ್ತಿಕೊಂಡು ಹೊರಟುಹೋದ. ಹೊರಗೆ ಅವನ ಯೂಟ್ ಗಾಡಿ ಹೊರಡುವ ಸದ್ದು ಕೇಳಿಸಿತು. ನಾನು ನಡೆಸಿದ ಮೊದಲ ಮೀಟಿಂಗ್ ಹೀಗೆ ಮುಗಿಯಿತು, ಮುಗಿಯಿತೆಂದು ಯಾರೂ ಹೇಳದೆಯೇ.

"ಖರೇನ ಹೇಳೀದಿ," ಎಂದರು ನಮ್ಮವರು ಮನೆಯಲ್ಲಿ. "ಆದ್ರ ಎಲ್ಲಾರ ಮುಂದ ಹೇಳಬೇಕಾಗಿತ್ತೇನು?" ಅಳು ಬಂತು. ಮೊರೀನ್ ಅವರಿಗೆ ಫೋನ್ ಮಾಡಿದೆ.

"ಸಿಟ್ಟಾದನಾ? ಆಗಲಿ," ಎಂದರು ಅವರು ಆಸ್ಪತ್ರೆಯ ಹಾಸಿಗೆಯಿಂದ. "ಇವತ್ತು ನಿನ್ನ ಮೇಲೆ ಸಿಟ್ಟು. ನೀನು ಹೇಳದೇ ಇದ್ದಿದ್ದರೆ ಮದುವೆ ದಿನ ತನ್ನ ಮೇಲೇ ಆಗ್ತಿತ್ತು. ಅಳೋದು ಬಿಟ್ಟು ಎಲ್ಲರಿಗೂ ಮೆಸೇಜ್ ಮಾಡು. ಯಾರ ಮನೇಲಿ ಎಷ್ಟು ದೊಡ್ಡ ಪಾತ್ರೆ ಇದೆ ಕೇಳು."

ಭಾನುವಾರ ಬೆಳಗ್ಗೆ ನಾನು ಅವಲಕ್ಕಿಗೆ ಒಗ್ಗರಣೆ ಹಾಕುತ್ತಿದ್ದಾಗ ಬೆಲ್ಲಾಯಿತು. ಬಾಗಿಲಲ್ಲಿ ಡೀನ್. ಕಣ್ಣುಗಳು ಕೆಂಪಾಗಿದ್ದವು.

"ಎಲ್ಲಾ ಪೀಪಾಯಿನೂ ಬಿಚ್ಚಿ ಮೂಸಿದೆ," ಎಂದ. "ಎಲ್ಲಾ ಕಮಟು. ಬಿಯರ್ ಹುದುಗೋಕೆ ಇಡ್ತೀನಲ್ಲ, ಆ ಡ್ರಮ್ಮಿನ ನಲ್ಲಿ ಬಿಚ್ಚಿದೆ. ಒಳಗೆ ಹಳೇ ಕೊಳೆ ಕೂತಿದೆ. ಹೊರಗಿಂದ ತೊಳೆದೆ, ಅದನ್ನ ಬಿಚ್ಚಿರಲೇ ಇಲ್ಲ." ಜೇಬಿನಿಂದ ಆ ನಲ್ಲಿಯನ್ನೇ ತೆಗೆದು ನನ್ನ ಮುಂದೆ ಹಿಡಿದ. "ಮೂರು ವಾರದಲ್ಲಿ ಮತ್ತೆ ಮಾಡೋಕಾಗುತ್ತಾ?"

"ಆಗುತ್ತೆ," ಎಂದೆ. ಅಷ್ಟು ಧೈರ್ಯ ಎಲ್ಲಿಂದ ಬಂತೋ! ಅಲ್ಲಿಯವರೆಗೆ ನಾನೇ ಸ್ವಂತವಾಗಿ ಬಿಯರ್ ಮಾಡಿದ್ದು ಎರಡೋ ಮೂರೋ ಸಲ.

ಆವತ್ತು ಮಧ್ಯಾಹ್ನವೇ ಡೀನ್‌ನ ಗ್ಯಾರೇಜಿನಲ್ಲಿ ತುರ್ತು ಮೀಟಿಂಗ್ ಕರೆದೆ. ಎಲ್ಲರೂ ಬಂದರು. ಏರ್‌ಪೋರ್ಟಿನ ದನಿ ಎಲ್ಲಿ ಹೋಯಿತೋ, ಕುರ್ಚಿ ಹತ್ತಿ ನಿಂತು ಕೆಲಸ ಹಂಚಿದೆ. ಒಬ್ಬೊಬ್ಬರ ಮನೆಯಲ್ಲಿ ಒಂದೊಂದು ಪಾತ್ರೆ, ಎಲ್ಲರದೂ ಒಂದೇ ಪಾಕ. ನಲ್ಲಿಗಳನ್ನೆಲ್ಲ ಬಿಚ್ಚಿ ಕುದಿಸುವ ಕೆಲಸ ಡೀನ್‌ನದು, ಅದನ್ನು ಅವನೇ ಕೇಳಿ ಪಡೆದ. ನನ್ನ ಪಾಲಿನ ಪಾತ್ರೆ ಮಾತ್ರ ಸಾಲದು. ಯುಗಾದಿಗೆ ನಮ್ಮ ಕನ್ನಡದವರಿಗೆಲ್ಲ ಅಡುಗೆ ಮಾಡುವ ಬೆಳಗಾವಿಯ ಸುಮಾ ನೆನಪಾದಳು.

"ಹೋಳಿಗಿ ಬ್ಯಾಳಿ ಬೇಯ್ಸೋ ಪಾತ್ರಿರೀ ಅದು!" ಎಂದು ಫೋನಿನಲ್ಲೇ ಕೂಗಿದಳು. "ಅದರಾಗ ಬಿಯರ್ ಕುದಸ್ತೀರೇನು?"

"ಮದಿವಿ ಕೆಲಸ, ಸುಮಾ."

"ಮದಿವಿ ಅಂದ್ರ ಬ್ಯಾರೇ ಮಾತು ಬಿಡ್ರಿ. ನಾನೂ ಬರ್ತೀನಿ. ನಿಮಗ ಅಷ್ಟು ದೊಡ್ಡ ಪಾತ್ರಿ ತಿರುವಾಕ ಬರಂಗಿಲ್ಲ."

ಬಂದಳು, ಸೆರಗು ಸಿಕ್ಕಿಸಿ ನಿಂತಳು, ತಿರುವಿಯೇ ತಿರುವಿದಳು. ನಮ್ಮ ಅಡುಗೆಮನೆಯ ಕಿಟಕಿಗಳೆಲ್ಲ ಆವಿಯಿಂದ ಬೆವರಿದವು. ಹೆಂಡದ ಮಾತೆತ್ತಿದ್ದ ನಮ್ಮವರು ತಲೆಗೆ ಟವೆಲು ಸುತ್ತಿಕೊಂಡು ಮಾಲ್ಟಿನ ಮೂಟೆ ಹೊತ್ತರು, "ಉಕ್ಕತೈತಿ, ಉಕ್ಕತೈತಿ, ಉರಿ ಸಣ್ಣ ಮಾಡ್ರಿ!" ಎಂದು ಎಲ್ಲರಿಗಿಂತ ಜೋರಾಗಿ ಕೂಗಾಡಿದರು. ಮೊದಲ ವಾರ ಎಲ್ಲರ ಬಿಯರನ್ನೂ ಮೂಸಿದೆವು. ಹಸಿ. ಎರಡನೆಯ ವಾರ ಇನ್ನೂ ತುಸು ಹಸಿ. ಮೂರನೆಯ ವಾರ, ಮದುವೆಗೆ ಎರಡು ದಿನವಿರುವಾಗ, ಡೀನ್ ಗ್ಲಾಸನ್ನು ನನ್ನ ಕೈಗಿಟ್ಟು ಗೋಡೆಯ ಕಡೆ ತಿರುಗಿ ನಿಂತ. ನನ್ನ ಮುಖ ನೋಡುವ ಧೈರ್ಯ ಅವನಿಗಿರಲಿಲ್ಲ. ಬಿಸಿಲಿಗೆ ಹರವಿದ ಗೋಧಿಯ ವಾಸನೆ, ಹಿಂದೆಯೇ ಮೋಸಂಬಿ ಸಿಪ್ಪೆಯ ಕಂಪು.

"ತಿರುಗು ಮಾರಾಯ," ಎಂದೆ, ಕನ್ನಡದಲ್ಲೇ. ಅವನಿಗೆ ಅರ್ಥವಾಯಿತು.

ಮದುವೆಯ ದಿನ ಬೇಲಿಗುಂಟ ದೀಪದ ಸರ, ಹುಲ್ಲಿನ ಮೇಲೆ ಜನವೋ ಜನ. ಮೊರೀನ್ ಕೋಲೂರಿಕೊಂಡು ಬಂದಿದ್ದರು. ಡೀನ್ ಭಾಷಣಕ್ಕೆ ನಿಂತ. ಮಗಳ ಬಗ್ಗೆ ಎರಡು ಮಾತಾಡಿದ. ಗ್ಲಾಸೆತ್ತಿ, "ಈ ಬಿಯರ್ ಮಾಡಿದ್ದು ನಾನೊಬ್ಬನೇ ಅಲ್ಲ," ಎಂದ. ಆಮೇಲೆ ನಮ್ಮ ಟೇಬಲ್ಲಿನ ಕಡೆ ನೋಡಿ ದೊಡ್ಡ ದನಿಯಲ್ಲಿ, "ನೋ ಕಮಟು!" ಎಂದು ಕೂಗಿದ. ಕ್ಲಬ್ಬಿನವರೆಲ್ಲ ಎದ್ದು ನಿಂತು "ನೋ ಕಮಟು!" ಎಂದೆವು. ಅದು ಯಾವುದೋ ದೇಶದ ಮಂಗಳಾಶಾಸನವೆಂದು ತಿಳಿದ ಬೀಗರು ಗ್ಲಾಸೆತ್ತಿ ಗಂಭೀರವಾಗಿ "ನೋ ಕಮಟು" ಎಂದರು. ನಮ್ಮವರು ಕಿತ್ತಳೆ ಜ್ಯೂಸಿನ ಗ್ಲಾಸನ್ನೇ ಎತ್ತಿ ಕೂಗಿದರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ಇವತ್ತಿಗೂ ತಿಳಿಯದು.

ಆಮೇಲೆ ನನ್ನ ಬ್ಯಾಂಕಿನ ಕೆಲಸ ನಮ್ಮನ್ನು ಮೆಲ್ಬರ್ನ್‌ಗೆ ಎಳೆದು ತಂದಿತು. ಇಲ್ಲಿ ಬಂದು ಕೆಲವು ತಿಂಗಳು ಸುಮ್ಮನಿದ್ದೆ. ಕೊನೆಗೆ ತಡೆಯಲಾರದೆ ಕಾಮನ್ ರೂಮ್ ಬುಕ್ ಮಾಡಿ ಲಿಫ್ಟಿನಲ್ಲಿ ಒಂದು ಚೀಟಿ ಅಂಟಿಸಿದೆ. ಇವತ್ತು ಸಂಜೆ ಮೊದಲ ಮೀಟಿಂಗ್ ಆಯಿತು. ಒಂಬತ್ತು ಜನ ಬಂದರು! ಟ್ರಾಮ್ ಓಡಿಸುವ ಹೆಂಗಸು, ಇಬ್ಬರು ವಿದ್ಯಾರ್ಥಿಗಳು, ಏಳನೆಯ ಮಹಡಿಯ ದಂಪತಿ, ಇನ್ನೂ ಯಾರ್‍ಯಾರೋ. ದಾವಣಗೆರೆಯ ನವೀನ ಎಂಬ ಹುಡುಗನೂ ಬಂದಿದ್ದ. ಓದಲು ಬಂದವನು, ಈಚೆಗೆ ಪಿಆರ್ ಸಿಕ್ಕಿ ಇಲ್ಲೇ ನೆಲೆ ನಿಂತಿದ್ದಾನೆ, ಪಕ್ಕದ ಟವರಿನಲ್ಲಿ ಕೆಲಸ. ನಿಯಮಗಳನ್ನು ಹೇಳಿದೆ, ಕಾಲುಚೀಲ ತೊಡಿಸಿದ ಬಾಟಲಿಗಳನ್ನು ಸಾಲಾಗಿಟ್ಟೆ. ಮೂರನೆಯ ಬಿಯರಿಗೆ ಬಂದಾಗ ಎಲ್ಲರೂ ಮೆಚ್ಚಿ ತಲೆಯಾಡಿಸಿದರು. ನವೀನ ಮಾತ್ರ ಎರಡು ಸಲ ಮೂಸಿ ನನ್ನತ್ತ ನೋಡಿದ.

"ಮೇಡಂ, ಹೇಳ್ಬಹುದಾ? ತಪ್ಪು ತಿಳ್ಕೋಬಾರ್ದು. ಇದು ಒಂಥರಾ ಒದ್ದೆ ಗೋಣಿಚೀಲದ ವಾಸನೆ ಬರ್ತಿದೆ."

ಮೂಸಿದೆ. ಬರುತ್ತಿತ್ತು! ಬಾಟಲಿಗೆ ತುಂಬುವಾಗ ಎಲ್ಲೋ ಗಾಳಿ ಸೇರಿ ಬಿಯರ್ ಕೆಟ್ಟಿದೆ. ಅಷ್ಟು ಸರಿಯಾದ ಮಾತು ನನಗೇ ಹೊಳೆದಿರಲಿಲ್ಲ.

"ಯಾರದು ಇದು?" ಎಂದಳು ಟ್ರಾಮಿನ ಹೆಂಗಸು. ನಾನು ಕೈ ಎತ್ತಿದೆ.

ನವೀನನ ಮುಖ ಬಿಳಿಚಿತು. "ಅಯ್ಯೋ, ನಿಮ್ದಾ ಮೇಡಂ? ಸಾರಿ, ಸಾರಿ. ಇನ್ನೊಂದ್ಸಲ ನೋಡಿದ್ರೆ ಅಷ್ಟೇನೂ ಇಲ್ಲ ಅನ್ಸುತ್ತೆ."

"ಹೇಳಿದ ಮಾತನ್ನ ವಾಪಸ್ ತಗೋಬೇಡಪ್ಪ," ಎಂದೆ. ನನಗೆ ಖುಷಿಯೋ ಖುಷಿ. "ಕುರ್ಚಿ ಹತ್ತಿರ ಎಳ್ಕೊ. ಗಾಳಿ ಎಲ್ಲಿ ಹೊಕ್ಕಿದೆ, ಹುಡುಕೋಣ ಬಾ."

ಒಂಬತ್ತು ಕುರ್ಚಿಗಳೂ ಒಟ್ಟಿಗೆ ಸರಿದವು.